ಕಾಕಾ ಸಹಿ ಹಾಕದ ದಿನ

ಮೊನ್ನೆ ಸಂಶಿಯ ನಮ್ಮ ಮನೆಯ ಅಟ್ಟದಿಂದ ಹಳೆಯ ಪಂಪ್ ಸ್ಟೋವ್ ಕೆಳಗಿಳಿಸಿದೆ. ವರ್ಷಗಳಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಮುಚ್ಚಳ ತಿರುಗಿಸಿದರೆ ತಳದಲ್ಲಿ ಒಂದಿಷ್ಟು ಚಿಮಣಿ ಎಣ್ಣೆ ಉಳಿದಿತ್ತು. ಆ ವಾಸನೆಗೆ ನನಗೆ ಅಡುಗೆಮನೆ ನೆನಪಾಗಲಿಲ್ಲ, ಕಾಕಾ ನೆನಪಾದರು. ವಿಮಾನದ ಇಂಧನಕ್ಕೂ ಹೆಚ್ಚುಕಡಿಮೆ ಅದೇ ವಾಸನೆ. ಹುಬ್ಬಳ್ಳಿಯಿಂದ ಸಂಜೆಯ ಪ್ಯಾಸೆಂಜರ್ ಗಾಡಿಯಲ್ಲಿ ನಾವಿಬ್ಬರೂ ಊರಿಗೆ ಮರಳುವಾಗ ಅವರ ಅಂಗಿಯಿಂದ ಅದು ಬರುತ್ತಿತ್ತು... ಎದುರು ಕೂತ ಹೆಂಗಸರು, “ಯಾರರೆ ಚಿಮಣಿ ಎಣ್ಣಿ ಡಬ್ಬಿ ಇಟ್ಟೀರೇನ್ರಿ? ಚೆಲ್ಲೇತಿ ನೋಡ್ರಿ” ಎಂದು ಸೀಟಿನ ಕೆಳಗೆ ಬಗ್ಗಿ ಹುಡುಕುತ್ತಿದ್ದರು. ಕಾಕಾ ಏನೂ ಗೊತ್ತಿಲ್ಲದವರಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು.

ಅವರು ನನ್ನ ಸ್ವಂತ ಕಾಕಾ ಅಲ್ಲ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೆ. ವಾಯುಪಡೆಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದು, ನಿವೃತ್ತರಾಗಿ ಊರಿಗೆ ಬಂದು, ಎರೆ ಹೊಲದಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿದ್ದರು. ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಹೊಲಕ್ಕೆ ಹೋಗುವ ಮನುಷ್ಯ ಓಣಿಯಲ್ಲಿ ಅವರೊಬ್ಬರೇ.

ಆಗ ಹುಬ್ಬಳ್ಳಿಯಲ್ಲಿ ಒಬ್ಬ ವ್ಯಾಪಾರಸ್ಥರು ವಿಮಾನದ ಕಂಪನಿ ತೆರೆದರು. ಕಂಪನಿ ಎಂದರೆ ಎರಡು ಪಂಖಾಗಳ, ಹದಿನೆಂಟು ಸೀಟಿನ ಒಂದೇ ಒಂದು ವಿಮಾನ. ಅದನ್ನು ನೋಡಿಕೊಳ್ಳಲು ಕಾಕಾನನ್ನು ಕರೆದರು. ಅವರು ಹೊರಟಾಗ ಕಟ್ಟೆಯ ಮೇಲೆ ಕೂತವರು ನಕ್ಕರು.

“ಒಂದ ಎತ್ತಿನ್ಯಾಗ ಒಕ್ಕಲತನ ಆಕ್ಕೇತೇನೋ?”

“ಎತ್ತು ಗಟ್ಟಿ ಇರಬೇಕು. ಇನ್ನೊಂದು ತಾನ ಬರ್ತೈತಿ” ಎಂದರು ಕಾಕಾ.

ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಕಂಪನಿಯ ಕೌಂಟರಿಗೆ ಒಬ್ಬರು ಬೇಕೆಂದು ಕಾಕಾ ಅಪ್ಪನ ಹತ್ತಿರ ಬಂದು ಕೇಳಿದರು. ಅಪ್ಪ ಒಪ್ಪಲಿಲ್ಲ. ಹೆಣ್ಣುಮಗಳು ದಿನಾ ಹುಬ್ಬಳ್ಳಿಗೆ ಹೋಗಿಬರುವುದು, ಅದೂ ವಿಮಾನದವರ ಸಂಗಡ...

“ಅಣ್ಣಾ, ಆಕಿಗೆ ಹಿಂದಿ ಬರ್ತೈತಿ, ತಡವರಿಸಿದ್ರೂ ಇಂಗ್ಲಿಷು ಬರ್ತೈತಿ. ಸುಳ್ಳು ಹೇಳಾಕ ಬರೂದಿಲ್ಲ. ಇನ್ನೇನು ಬೇಕು?” ಎಂದರು ಕಾಕಾ. “ನನ್ನ ಕೂಡ ಹೋಗ್ತಾಳ, ನನ್ನ ಕೂಡ ಬರ್ತಾಳ.”

ಹಾಗೆ ನಾನು ಸೇರಿದೆ. ಟಿಕೆಟ್ ಬರೆಯುವುದು, ಸಾಮಾನು ತೂಗುವುದು, ಪ್ರಯಾಣಿಕರನ್ನು ವಿಮಾನದ ತನಕ ನಡೆಸಿಕೊಂಡು ಹೋಗುವುದು ಎಲ್ಲವೂ ನನ್ನದೇ ಕೆಲಸ. ಸಣ್ಣ ವಿಮಾನವಾದ್ದರಿಂದ ಸಾಮಾನಷ್ಟೇ ಅಲ್ಲ, ಜನರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಬೇಕಾಗಿತ್ತು. ನವಲಗುಂದದ ಒಬ್ಬ ದೊಡ್ಡ ಹೊಟ್ಟೆಯ ಸಾಹುಕಾರರು, “ಹತ್ತಿ ಅಂಡಗಿ ತೂಗಿದಂಗ ತೂಗ್ತೀಯಲ್ಲ ತಂಗಿ” ಎಂದು ನಾಚಿಕೊಂಡಿದ್ದು ಇನ್ನೂ ಕಣ್ಣ ಮುಂದಿದೆ.

ಮೂರನೆಯ ವರ್ಷ ಆ ದಿನ ಬಂತು.

ಎರಡನೆಯ ವಿಮಾನವನ್ನು ಬಾಡಿಗೆಗೆ ಕೊಡಬೇಕಾದವರು ಕಂಪನಿ ಹೇಗೆ ನಡೆಯುತ್ತಿದೆ ಎಂದು ನೋಡಲು ಬಂದಿದ್ದರು. ಮಾಲೀಕರು ಅವರಿಗೆ ಎಲ್ಲ ತೋರಿಸಿ, ಮಧ್ಯಾಹ್ನ ನಮ್ಮದೇ ವಿಮಾನದಲ್ಲಿ ಬೆಂಗಳೂರಿಗೆ ಕಳಿಸುವುದೆಂದು ಗೊತ್ತುಪಡಿಸಿದ್ದರು. ಸೀಟುಗಳೆಲ್ಲ ತುಂಬಿದ್ದವು. ಹೊರಡಲು ಅರ್ಧ ತಾಸು ಇದ್ದಾಗ ಕಾಕಾ ಸಹಿ ಹಾಕುವುದಿಲ್ಲ ಎಂದರು. ಅವರ ಸಹಿ ಇಲ್ಲದೆ ವಿಮಾನ ಏಳುವಂತಿರಲಿಲ್ಲ.

ನಾನು ಕಾಗದ ಕೊಡಲು ಶೆಡ್ಡಿಗೆ ಹೋದಾಗ ಮಾಲೀಕರು ಅಲ್ಲಿಯೇ ನಿಂತಿದ್ದರು. ಕಾಕಾ ಎಂಜಿನ್ನಿನ ಎಣ್ಣೆ ಸೋಸುವ ಜಾಲರಿಯನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಇಟ್ಟಿದ್ದರು. ಬಟ್ಟೆಯ ಮೇಲೆ ಹಿಟ್ಟಿನಷ್ಟು ನುಣ್ಣನೆಯ ಲೋಹದ ಪುಡಿ ಮಿನುಗುತ್ತಿತ್ತು. ಎಂಜಿನ್ನಿನೊಳಗೆ ಏನೋ ಸವೆಯುತ್ತಿರಬಹುದು ಎಂಬುದರ ಗುರುತು ಅದು. ಆದರೆ ಒಂದು ಚಿಟಿಕೆಯೂ ಇರಲಿಲ್ಲ.

“ಇಷ್ಟಕ್ಕ ನಿಲ್ಲಸ್ತೀರೇನು?” ಎಂದರು ಮಾಲೀಕರು.

“ನಿನ್ನಿ ಇದ್ದಿದ್ದಿಲ್ರಿ. ಇವತ್ತ ಐತ್ರಿ.”

“ಪುಸ್ತಕದಾಗ ಏನಂತ ಐತಿ?”

“ಇಷ್ಟಿದ್ರ ಹೋಗಬಹುದು ಅಂತನೂ ಅನ್ನಬಹುದ್ರಿ, ಬ್ಯಾಡ ಅಂತನೂ ಅನ್ನಬಹುದ್ರಿ. ನಾ ಬ್ಯಾಡ ಅಂತೀನ್ರಿ.”

ಮಾಲೀಕರ ಮುಖ ಕೆಂಪಾಯಿತು. ಬಂದವರು ಹೊರಗೆ ಕಾಯುತ್ತಿದ್ದಾರೆ, ಇವತ್ತು ಕೆಟ್ಟರೆ ಎರಡನೆಯ ವಿಮಾನ ಬರುವುದಿಲ್ಲ ಎಂದರು. ಕಾಕಾ ತಲೆ ತಗ್ಗಿಸಿ ಕೇಳಿದರು. ಪೆನ್ನು ಮಾತ್ರ ಜೇಬಿನಿಂದ ತೆಗೆಯಲಿಲ್ಲ.

ನಾನು ಕೌಂಟರಿಗೆ ಮರಳಿದಾಗ ಅಲ್ಲಿಯ ಮ್ಯಾನೇಜರರು ನನಗೆ, ಹವಾಮಾನ ಸರಿಯಿಲ್ಲ ಎಂದು ಹೇಳಿಬಿಡು ಎಂದರು. ನಾನು ಹಾಗೆಯೇ ಹೇಳಿದೆ. ಹೊರಗೆ ಬಿಸಿಲು ಸುಡುತ್ತಿತ್ತು, ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಅಣ್ಣಿಗೇರಿಯ ಒಬ್ಬ ಶಾಲಾ ಮಾಸ್ತರರು ಹೆಂಡತಿಯ ಕೈ ಹಿಡಿದುಕೊಂಡು ಕೂತಿದ್ದರು. ಮರುದಿನ ಬೆಳಿಗ್ಗೆ ಆಕೆಯನ್ನು ಬೆಂಗಳೂರಿನ ಹೃದಯದ ಡಾಕ್ಟರಿಗೆ ತೋರಿಸಬೇಕಾಗಿತ್ತು. ಅವರು ಕಿಟಕಿಯ ಹೊರಗೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕಾಕಾ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದರು. “ಯವ್ವಾ, ಏನಂತ ಹೇಳಿದಿ ಅವರಿಗೆ?”

ಹೇಳಿದೆ.

“ನಿಲ್ಲಿಸಿದಾಂವ ನಾನು, ಮಳಿ ಅಲ್ಲ. ನನ್ನ ಹೆಸರ ಹೇಳು.”

ನಾನು ಮತ್ತೆ ಎದ್ದು ನಿಂತೆ. ಹವಾಮಾನ ಎಂದದ್ದು ತಪ್ಪು, ಎಂಜಿನ್ನಿನಲ್ಲಿ ಸಂಶಯ ಬಂದಿದೆ, ನಮ್ಮ ಎಂಜಿನಿಯರರು ವಿಮಾನ ಬಿಡುವುದಿಲ್ಲ ಎಂದಿದ್ದಾರೆ ಎಂದೆ. ಕೆಲವರು ಕೂಗಾಡಿದರು. ಒಬ್ಬರು ಟಿಕೆಟ್ ಹರಿದು ಮೇಜಿನ ಮೇಲೆ ಎಸೆದರು. ಮಾಸ್ತರರು ಮಾತ್ರ ಹತ್ತಿರ ಬಂದು, “ಮೊದಲ ಹೇಳಿದ್ರ ಆಗ್ತಿತ್ತಲ್ಲವ್ವಾ. ರೈಲಿಗರೆ ಹೋಗ್ತಿದ್ವಿ” ಎಂದರು. ಕಂಪನಿಯ ಜೀಪಿನಲ್ಲಿ ನಾನೇ ಅವರಿಬ್ಬರನ್ನೂ ಸ್ಟೇಷನ್ನಿಗೆ ಕರೆದೊಯ್ದು ಬೆಂಗಳೂರಿನ ಗಾಡಿ ಹತ್ತಿಸಿದೆ.

ಇಲ್ಲಿಗೆ ಕಾಕಾನ ಮಾತು ನಿಜವಾಯಿತು, ಎಂಜಿನ್ನಿನಲ್ಲಿ ದೊಡ್ಡ ದೋಷ ಸಿಕ್ಕಿತು ಎಂದು ಹೇಳಬಹುದಾಗಿದ್ದರೆ ಕಥೆ ಸುಲಭವಾಗುತ್ತಿತ್ತು. ಹಾಗಾಗಲಿಲ್ಲ. ಎಂಜಿನ್ ದೂರದ ಕಾರ್ಖಾನೆಗೆ ಹೋಗಿ ಬಂತು. ದೋಷವೇನೂ ಇಲ್ಲ, ಇನ್ನೂ ಬಹಳ ದಿನ ಹಾರಬಹುದಾಗಿತ್ತು ಎಂದು ವರದಿ ಬಂತು. ಅಷ್ಟರಲ್ಲಿ ಎರಡನೆಯ ವಿಮಾನ ಕೊಡಬೇಕಾದವರು ಹಿಂದೆ ಸರಿದಿದ್ದರು. ಹೊಲ ಮಾಡುವವರನ್ನು ವಿಮಾನ ಮುಟ್ಟಲು ಬಿಟ್ಟರೆ ಹೀಗೇ ಎಂದು ಆಡಿಕೊಂಡವರೂ ಇದ್ದರು.

ಮಾಲೀಕರು ಎಲ್ಲರನ್ನೂ ಶೆಡ್ಡಿಗೆ ಕರೆಸಿದರು. ಕಾಕಾನ ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ. ಅವರ ಕೆಲಸ ಹೋದರೆ ಅಪ್ಪ ನನ್ನನ್ನೂ ಬಿಡಿಸುತ್ತಿದ್ದರು.

“ವರದಿ ಓದಿದ್ರೇನು?” ಎಂದು ಮಾಲೀಕರು ಕೇಳಿದರು.

“ಓದೇನ್ರಿ.”

“ಅಂದ್ರ ತಪ್ಪು ನಿಮ್ಮದು.”

“ಹೌದ್ರಿ, ಲೆಕ್ಕ ತಪ್ಪೈತ್ರಿ. ನಾಳಿ ಮತ್ತ ಹಂಗ ಕಂಡ್ರ ಮತ್ತ ನಿಲ್ಲಸ್ತೀನ್ರಿ.”

ಮಾಲೀಕರು ಆ ಕಾಗದವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಮೆಲ್ಲಗೆ, “ಅವತ್ತ ಆ ವಿಮಾನದಾಗ ನನ್ನ ಮಗಳೂ ಹೊಂಟಿದ್ಲು” ಎಂದರು. “ಇನ್ನ ಮ್ಯಾಲ ಇವರು ಸಹಿ ಮಾಡೂವಾಗ ಬಾಜು ಯಾರೂ ನಿಂದ್ರಬ್ಯಾಡ್ರಿ. ನಾನೂ ನಿಂದ್ರೂದಿಲ್ಲ.”

ಎರಡನೆಯ ವಿಮಾನ ಬರಲು ಮತ್ತೆ ಎರಡು ವರ್ಷ ಹಿಡಿಯಿತು. ಆದರೆ ಬಂತು. ಆಮೇಲೆ ಮೂರನೆಯದು, ನಾಲ್ಕನೆಯದು... ಹದಿನೆಂಟು ಸೀಟಿನವು ಹೋಗಿ ದೊಡ್ಡವು ಬಂದವು. ದೊಡ್ಡ ಕಂಪನಿಗಳು ಕಾಲಿಡದ ಊರುಗಳಿಗೆ ನಾವು ಹೋದೆವು. ಇಂಧನ ತುಟ್ಟಿಯಾದಾಗ, ಸೋಂಕಿನ ದಿನಗಳಲ್ಲಿ ವಿಮಾನಗಳೆಲ್ಲ ನೆಲ ಹಿಡಿದಾಗ ನಮ್ಮ ಕಥೆ ಮುಗಿಯಿತು ಎಂದವರು ಬಹಳ. ಮುಗಿಯಲಿಲ್ಲ. ಹೇಳಿದ್ದನ್ನು ಮಾಡುತ್ತಾರೆ, ಮಾಡಲಾಗದಿದ್ದರೆ ಹೇಳುತ್ತಾರೆ ಎಂದು ಜನರಿಗೆ ನಮ್ಮ ಮೇಲೆ ನಂಬಿಕೆ ಇತ್ತು. ಆ ಮಾಸ್ತರರೂ ಹೆಂಡತಿಯ ಸಂಗಡ ಎಷ್ಟೋ ಸಲ ನಮ್ಮ ವಿಮಾನದಲ್ಲೇ ಹೋಗಿಬಂದರು.

ಕಾಕಾ ಕುಂದಗೋಳ, ಕಲಘಟಗಿ ಕಡೆಯಿಂದ ಐ.ಟಿ.ಐ. ಓದಿದವರನ್ನು ತಂದು ತಯಾರು ಮಾಡಿದರು. ಅವರು ಮುಂದೆ ಬೇರೆಯವರನ್ನು ತಯಾರು ಮಾಡಿದರು. ನಾನು ಕೌಂಟರಿನಿಂದ ಮೇಲೇರುತ್ತ ಹೋಗಿ ಎಲ್ಲ ನಿಲ್ದಾಣಗಳ ಪ್ರಯಾಣಿಕರ ವಿಭಾಗಕ್ಕೆ ಮುಖ್ಯಸ್ಥೆಯಾದೆ. ನಿವೃತ್ತರಾಗಿ ಮತ್ತೆ ಹೊಲ ಹಿಡಿದಿದ್ದ ಕಾಕಾನನ್ನು ನೋಡಲು ಹೋದಾಗಲೆಲ್ಲ ಹೊಸ ಊರು, ಹೊಸ ವಿಮಾನಗಳ ಸುದ್ದಿ ಹೇಳುತ್ತಿದ್ದೆ. ಅವರು ಎಲ್ಲ ಕೇಳಿ, “ಈ ವರ್ಷ ಎಷ್ಟು ಸಲ ನಿಲ್ಲಿಸಿದ್ರಿ?” ಎನ್ನುತ್ತಿದ್ದರು. ಒಮ್ಮೆ ನಾನು ಹೆಮ್ಮೆಯಿಂದ, ಬಹಳ ಕಡಿಮೆ ಎಂದೆ. ಅವರಿಗೆ ಖುಷಿಯಾಗಲಿಲ್ಲ.

“ಯಾರೂ ನಿಲ್ಲಸವಲ್ರು ಅಂದ್ರ ಯಾರೂ ಸರಿಯಾಗಿ ನೋಡವಲ್ರು ಅಂತ ಇರಬಹುದು. ಒಂದೀಟ ವಿಚಾರಸು.”

ಹೋದ ವರ್ಷ, ಹತ್ತಿ ಬಿಡಿಸುವ ದಿನಗಳಲ್ಲಿ, ಕಾಕಾ ಹೋದರು. ನಾನು ಹೈದರಾಬಾದಿನಲ್ಲಿದ್ದೆ. ಬೆಳಿಗ್ಗೆ ತಮ್ಮನ ಫೋನು ಬಂತು. ನಾಲ್ಕು ಗಂಟೆಯ ತನಕ ನಿನಗಾಗಿ ಕಾಯುತ್ತಾರೆ, ಆಮೇಲೆ ಹೊಲಕ್ಕೆ ಒಯ್ಯುತ್ತಾರೆ ಎಂದ. ಹನ್ನೊಂದರ ನಮ್ಮ ವಿಮಾನಕ್ಕೆ ಸಾಕಷ್ಟು ಸಮಯವಿತ್ತು.

ಹತ್ತೂವರೆಗೆ ವಿಮಾನ ಹೊರಡುವುದಿಲ್ಲ ಎಂದರು. ಒಬ್ಬ ಎಂಜಿನಿಯರ್ ಹುಡುಗಿ ಚಕ್ರದ ಬಳಿ ಏನೋ ಸೋರಿದ್ದು ಕಂಡು ತಡೆದಿದ್ದಳು. ಅವಳು ಕಾಕಾನನ್ನು ನೋಡಿದವಳೇ ಅಲ್ಲ. ಕೌಂಟರಿನವರು ಇದ್ದದ್ದನ್ನು ಇದ್ದ ಹಾಗೆ ಪ್ರಯಾಣಿಕರಿಗೆ ತಿಳಿಸಿದರು. ನನ್ನ ಕೈಯಲ್ಲಿ ಫೋನಿತ್ತು. ಅವಳ ಮೇಲಿನವರ ನಂಬರು ಅದರಲ್ಲಿತ್ತು. ಅಷ್ಟು ದೊಡ್ಡದೇನೂ ಅಲ್ಲವಂತಲ್ಲ ಎಂದು ಒಂದು ಮಾತು ಕೇಳಬಹುದಾಗಿತ್ತು, ಕೇಳುವುದೇನು ತಪ್ಪು... ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದೆ. ಮಾಡಲಿಲ್ಲ.

ವಿಮಾನ ಹೊರಟಾಗ ಮೂರಾಗಿತ್ತು. ನಾನು ಸಂಶಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಎಲ್ಲರೂ ಮರಳಿ ಬಂದು ಕೈಕಾಲು ತೊಳೆಯುತ್ತಿದ್ದರು. ಕಾಕಾನ ಹೆಂಡತಿ, ನಮ್ಮ ಕಾಕು, ಗೋಡೆಗೆ ಒರಗಿ ಕೂತಿದ್ದರು.

“ನಾಕಕ್ಕ ಅಂದಿದ್ವಿ, ನಾಕೂವರಿ ತನಕ ಇಟ್ಕೊಂಡ ಕುಂತಿದ್ವಿ. ಮಾರಿ ನೋಡಾಕ ಸಿಗಲಿಲ್ಲ ನಿನಗ.”

“ವಿಮಾನ ತಡಾ ಆತ್ರಿ ಕಾಕು. ನಿಲ್ಲಿಸಿದ್ರು.”

ಕಾಕು ಬಾಜು ಕೂಡಲು ಸರಿದು ಜಾಗ ಮಾಡಿಕೊಟ್ಟರು.

ಅವತ್ತು ಫೋನು ಮಾಡದೆ ಇದ್ದುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವರ ಮುಖ ನೋಡಲಾಗಲಿಲ್ಲ ಎಂಬುದು ಹೋಗುತ್ತಿಲ್ಲ, ವರ್ಷವಾದರೂ. ಮುಂದಿನ ವಾರ ಇನ್ನೊಂದು ಸಣ್ಣ ಊರಿಗೆ ನಮ್ಮ ವಿಮಾನ ಹೊರಡಲಿದೆ. ಕೆಲಸಗಳೆಲ್ಲ ಸರಿಯಾಗಿ ನಡೆದಿವೆ, ನಡೆಯುತ್ತವೆ. ಕಾಕಾನಿಗೆ ಸುದ್ದಿ ಹೇಳೋಣವೆಂದು ನಿನ್ನೆ ಮನೆಯಲ್ಲಿ ಮಾತಿನ ನಡುವೆ ಎದ್ದು ಪಕ್ಕದ ಮನೆಯ ಬಾಗಿಲ ತನಕ ಹೋಗಿಬಿಟ್ಟಿದ್ದೆ. ಕಾಕು ಒಬ್ಬರೇ ಹತ್ತಿ ಬಿಡಿಸುತ್ತ ಕೂತಿದ್ದರು. ಒಳಗೆ ಹೋಗಿ ನಾನೂ ಬಿಡಿಸುತ್ತ ಕೂತೆ.