ಕ್ರಾಂತಿಯ ಎರಡು ಸೆಕೆಂಡು

ಹಿರೇಹಡಗಲಿಯ ಪ್ರೌಢಶಾಲೆಗೆ ಗಣಿತ ಕಲಿಸಲು ಬಂದ ಮೊದಲ ಶನಿವಾರವೇ ಗುರುಮೂರ್ತಿ ಮೇಷ್ಟ್ರು ಕ್ರಾಂತಿಯನ್ನು ಕಂಡರು. ಒಂಬತ್ತನೆಯ ತರಗತಿಯ ಆ ಹುಡುಗಿ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಕುಳಿತು ನೋಟುಪುಸ್ತಕದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು.

"ಒಳಗ ಕಂಪ್ಯೂಟರ್ ಇಟ್ಕೊಂಡು ಹೊರಗ ಪೆನ್ಸಿಲ್ ಸವೆಸಾಕತ್ತೀಯಲ್ಲವ್ವ?"

"ಒಂದಕ್ಕ ಐದು ಮಂದಿ ಅದೀವ್ರಿ ಸರ್. ನನ್ನ ಪಾಳಿ ಬರೋದ್ರಾಗ ತಪ್ಪು ಹುಡುಕಿಟ್ಟಿರ್ತೀನಿ."

ಆ ವರ್ಷ ಅವಳು ಶಾಲಾಮಕ್ಕಳ ಪ್ರೋಗ್ರಾಮಿಂಗ್ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿದ್ದಳು. ಮೊದಲ ಸುತ್ತಿನ ಮೂರು ಲೆಕ್ಕಗಳನ್ನೂ ಬಿಡಿಸಿದರೆ ಮಾತ್ರ ಎರಡನೆಯ ಸುತ್ತು. ಎರಡು ಮುಗಿದಿದ್ದವು. ಮೂರನೆಯದರಲ್ಲಿ ಒಂದು ಲಕ್ಷ ಮಕ್ಕಳ ಅಂಕಗಳಿದ್ದವು, ಸೊನ್ನೆಯಿಂದ ನೂರರವರೆಗೆ. ಸಮಾನ ಅಂಕ ಪಡೆದ ಜೋಡಿಗಳೆಷ್ಟು ಎಂದು ಪ್ರೋಗ್ರಾಂ ಎರಡು ಸೆಕೆಂಡಿನಲ್ಲಿ ಹೇಳಬೇಕು. ಕ್ರಾಂತಿಯ ಪ್ರೋಗ್ರಾಂ ಒಬ್ಬೊಬ್ಬರನ್ನೂ ಉಳಿದೆಲ್ಲರ ಜೊತೆ ಹೋಲಿಸುತ್ತಿತ್ತು. ಉತ್ತರ ಸರಿ, ಹೊತ್ತು ಮೀರುತ್ತಿತ್ತು.

ಮೇಷ್ಟ್ರಿಗೆ ಸಿಟ್ಟು ಬಂತು. "ಹಂತ ಎಲ್ಲಾ ಸರಿ ಅದಾವು. ಅರ್ಧ ಅಂಕನಾದ್ರೂ ಕೊಡಬೇಕು!" ಎಂದವರೇ ಸ್ಪರ್ಧೆ ನಡೆಸುವವರಿಗೆ 'ಮಾನ್ಯರೇ' ಎಂದು ಆರಂಭಿಸಿ ಎರಡು ಪುಟ ಪತ್ರ ಬರೆದರು.

"ಅಲ್ಲಿ ತಿದ್ದೋದು ಕಂಪ್ಯೂಟರ್ ರೀ ಸರ್. ಅದು ಪತ್ರ ಓದಂಗಿಲ್ಲ," ಎಂದು ಕ್ರಾಂತಿ ನಕ್ಕಳು.

ಮೊದಲ ಸುತ್ತು ಮುಗಿಯಲು ಒಂದೇ ಶನಿವಾರ ಉಳಿದಿತ್ತು. ಆ ವಾರ ಅವಳು ತಾಯಿ ಪಕ್ಕೀರಮ್ಮನ ಜೊತೆ ಉಳ್ಳಾಗಡ್ಡಿ ಆರಿಸಲು ಹೋದಳು. ಪಕ್ಕೀರಮ್ಮ ಒಂದು ಈರುಳ್ಳಿಯನ್ನು ಇನ್ನೊಂದರ ಪಕ್ಕ ಹಿಡಿದು ನೋಡುತ್ತಿರಲಿಲ್ಲ. ಕೈಗೆ ಬಂದೊಡನೆ ದಪ್ಪ, ನಡುತರ, ಸಣ್ಣ ಎಂದು ಅದರದರ ಗುಂಪಿಗೆ ಎಸೆಯುತ್ತಿದ್ದಳು. ಮಗಳ ಕೈ ನಿಂತಿತು.

"ಯಾಕಲೇ, ಗೊಂಬಿಹಂಗ ಕುಂತಿ? ಕೈ ಆಡ್ಸು!"

"ಯವ್ವಾ, ಹೋಲಿಸದ ಹೆಂಗ ಆರಿಸ್ತೀಯ?"

"ಎಲ್ಲಾದ್ಕೂ ಹೋಲಿಸ್ಕೋತ ಕುಂತ್ರ ಮುಂದಿನ ಯುಗಾದಿ ಬರ್ತೈತಿ!"

ಶನಿವಾರ ಕ್ರಾಂತಿ ಪ್ರೋಗ್ರಾಮಿನಲ್ಲಿ ಅಂಕಕ್ಕೊಂದರಂತೆ ನೂರೊಂದು ಗುಂಪು ಮಾಡಿದಳು. ಪ್ರತಿ ಅಂಕವೂ ನೇರವಾಗಿ ತನ್ನ ಗುಂಪಿಗೆ. ಒಂದು ಗುಂಪಿನಲ್ಲಿ ಇಷ್ಟು ಮಂದಿಯಿದ್ದರೆ ಜೋಡಿಗಳೆಷ್ಟು ಎಂಬ ಸೂತ್ರವನ್ನು ಮೇಷ್ಟ್ರೇ ಹೇಳಿಕೊಟ್ಟರು. ಅರೆ ಸೆಕೆಂಡಿನಲ್ಲಿ ಉತ್ತರ ಬಂತು. ಮೇಷ್ಟ್ರ ಪತ್ರ ಜೇಬಿನಲ್ಲೇ ಉಳಿಯಿತು.

ಎರಡನೆಯ ಸುತ್ತಿನ ನಾಲ್ಕು ಲೆಕ್ಕಗಳಲ್ಲಿ ಅವಳಿಗೆ ಬಿಡಿಸಲಾದದ್ದು ಒಂದೇ. ಅತ್ತು ಕೂರುವ ಹುಡುಗಿಯಲ್ಲ. ಉಳಿದ ಮೂರನ್ನೂ ನೋಟುಪುಸ್ತಕಕ್ಕೆ ಇಳಿಸಿಕೊಂಡು ಬಂದಳು. ಈಗ ತಾಲ್ಲೂಕು ಕೇಂದ್ರ ಹಡಗಲಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಅವುಗಳಲ್ಲಿ ಎರಡು ಬಿಡಿಸಿಯಾಗಿದೆ. ಕೊನೆಯದು ಊರೂರುಗಳ ನಡುವೆ ಅತಿ ಹತ್ತಿರದ ದಾರಿ ಹುಡುಕುವ ಲೆಕ್ಕ. ಭಾನುವಾರಗಳಂದು ಊರಿನ ಆರು ಹುಡುಗಿಯರನ್ನು ಕೂಡಿಸಿಕೊಂಡು, ತನ್ನ ಹಳೆಯ ಶಾಲೆಯ ಜಗಲಿಯ ಮೇಲೆ ಇಟ್ಟಿಗಿ, ಮೈಲಾರ, ಹಡಗಲಿ ಎಂದು ಸುತ್ತಲಿನ ಊರುಗಳ ಹೆಸರನ್ನು ಬಳಪದಲ್ಲಿ ಬರೆದು, ಗೆರೆ ಎಳೆದು ಅಳಿಸಿ, ಮತ್ತೆ ಎಳೆಯುತ್ತಿರುತ್ತಾಳೆ.