ಸ್ವಂತ ಬಳಕೆಗೆ ಎಂದು ಬರೆಸಿದ ವ್ಯಾನು

ಹೋಟೆಲಿನ ಅಕ್ಕನ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಇಡ್ಲಿಯ ಹಬೆ ತಾಗಿ ತಾಗಿ ಕಂದಿತ್ತು. ಕುಂದಾಪುರದ ಕಡೆಯವರು, ಗಂಡ ತೀರಿಕೊಂಡ ಮೇಲೆ ದೆಹಲಿ ಪಕ್ಕದ ಇಂದಿರಾಪುರಂನ ಹೋಟೆಲನ್ನು ಒಬ್ಬರೇ ನಡೆಸುತ್ತಿದ್ದರು. ಎರಡು ಸಾವಿರದ ದಶಕದಲ್ಲಿ ನಾನು ನೋಯ್ಡಾದ ಕೆಲಸಕ್ಕೆ ಸೇರಿದಾಗ ನನ್ನನ್ನು ಕನ್ನಡದಲ್ಲಿ ಬೈಯುವವರು ಅವರೊಬ್ಬರೇ. ಚಟ್ನಿ ಕೊಂಚ ಹುಳಿ ಬಂದರೂ ಇಡೀ ಪಾತ್ರೆಯನ್ನು ಮೋರಿಗೆ ಬಗ್ಗಿಸುತ್ತಿದ್ದರು. "ನಿನ್ನೆದನ್ನು ಇವತ್ತಿಂದು ಅಂತ ಕೊಡ್ಲಿಕ್ಕೆ ನಂಗೆ ಮನಸ್ಸು ಬರುದಿಲ್ಲ."

ಅಂಥವರು ಹೊಸ ವ್ಯಾನಿಗೆ ವಿಮೆ ಮಾಡಿಸುವಾಗ ಸ್ವಂತ ಬಳಕೆಗೆ ಎಂದು ಬರೆಸಿದರು. ಅದು ದಿನಾ ಹೊರುತ್ತಿದ್ದುದು ಆಫೀಸುಗಳಿಗೆ ಮಾರುವ ಊಟದ ಡಬ್ಬಿಗಳನ್ನು. ವ್ಯಾಪಾರದ ಗಾಡಿಯೆಂದರೆ ವಿಮೆಯ ಕಂತು ಜಾಸ್ತಿ.

"ಸುಳ್ಳಲ್ವಾ ಅಕ್ಕ?" ಎಂದೆ.

"ಕಾಗದಕ್ಕೆ ಹೇಳಿದ್ದು ಎಂತ ಸುಳ್ಳು ಮಾರಾಯ್ತಿ?" ಎಂದು ನಕ್ಕರು.

ಒಂದು ದಿನ ಡಬ್ಬಿಗಳ ಜೊತೆ ನನ್ನನ್ನೂ ಕೂರಿಸಿಕೊಂಡು ಹೊರಟರು. ಅಡ್ಡ ಬಂದ ಹಸುವನ್ನು ತಪ್ಪಿಸಲು ಹೋಗಿ ವ್ಯಾನು ಕಂಬಕ್ಕೆ ಗುದ್ದಿತು. ನಮಗೆ ತರಚು ಗಾಯವಷ್ಟೇ. ವ್ಯಾನಿನ ಮುಂಭಾಗ ನಜ್ಜುಗುಜ್ಜು, ಹಿಂದೆಲ್ಲ ಸಾಂಬಾರು.

ಡಬ್ಬಿ ಹೊತ್ತದ್ದು ತಿಳಿದರೆ ಕಂಪನಿ ದುಡ್ಡು ಕೊಡುವುದಿಲ್ಲವೆಂದು ವಿಮೆ ಏಜೆಂಟ್ ಓಡಿ ಬಂದು ಉಪಾಯ ಹೇಳಿಕೊಟ್ಟ. ಮದುವೆಗೆ ಹೋಗುತ್ತಿದ್ದೆವು ಎಂದು ಅಕ್ಕ ಹೇಳಬೇಕು, ನಾನು ಹೌದೆನ್ನಬೇಕು. "ಬಸ್, ಹಾಂ ಬೋಲ್ ದೇನಾ ಮೇಡಂ" ಎಂದ, ಹೌದು ಅಂದುಬಿಟ್ಟರೆ ಸಾಕಂತೆ. ಹೌದೆಂದರೆ ನಾನೂ ಸುಳ್ಳಿಯಾದೆ. ಇಲ್ಲವೆಂದರೆ ಅಕ್ಕನ ಗಾಡಿ ಹೋಯಿತು. ಅಕ್ಕನ ಮುಖ ನೋಡಿದೆ. ಅವರು ಬಗ್ಗಿ ಡಬ್ಬಿಗಳನ್ನು ಹೆಕ್ಕುತ್ತಿದ್ದರು.

ಮರುದಿನ ನಷ್ಟ ಅಳೆಯಲು ಗ್ಯಾರೇಜಿಗೆ ಬಂದ ವಿಮೆ ಕಂಪನಿಯ ಸರ್ವೇಯರ್, ಎಲ್ಲಿಗೆ ಹೋಗುತ್ತಿದ್ದಿರೆಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ, "ಉಸ್ ಸೇ ಮತ್ ಪೂಛೋ ಭಯ್ಯಾ", ಅವಳನ್ನು ಕೇಳಬೇಡಿ ಎಂದು ಅಡ್ಡ ನಿಂತು, ಹರಕು ಹಿಂದಿಯಲ್ಲಿ ಡಬ್ಬಿಗಳ ವಿಷಯವನ್ನೆಲ್ಲ ಹೇಳಿಬಿಟ್ಟರು.

ಕಂಪನಿ ಒಂದು ಪೈಸೆಯೂ ಕೊಡಲಿಲ್ಲ. ವ್ಯಾನು ಗುಜರಿಗೆ ಹೋಯಿತು, ದೂರದ ಆಫೀಸುಗಳ ಊಟ ಕೈತಪ್ಪಿತು. ಆಮೇಲೆ ಕೊಂಡ ಹಳೆಯ ಗಾಡಿಗೆ ವ್ಯಾಪಾರದ್ದೆಂದೇ ವಿಮೆ ಮಾಡಿಸಿದರು.

"ಅವತ್ತು ಯಾಕೆ ಹೇಳಿಬಿಟ್ರಿ ಅಕ್ಕ?" ಎಂದು ಎಷ್ಟೋ ದಿನಗಳ ಮೇಲೆ ಕೇಳಿದೆ.

"ನಂಗೇ ಗೊತ್ತಿಲ್ಲ. ನೀನು ಬಾಯಿ ತೆರೆದದ್ದು ಕಂಡು ಎಂತದೋ ಆಯ್ತು" ಎಂದರು.

ಹಾಗಾದರೆ ಬರೆಸುವಾಗ ಏನೂ ಆಗಲಿಲ್ಲವೇ? ಸುಳ್ಳು ಬರೆಸಿದವರೂ ನಿಜ ಹೇಳಿದವರೂ ಒಬ್ಬರೇ ಆಗಿದ್ದು ಹೇಗೆ? ಕೇಳಬೇಕೆಂದಿದ್ದೆ. ನನಗೆ ಪುಣೆಗೆ ವರ್ಗವಾಯಿತು. ಹಿಂದಿರುಗುವ ಮೊದಲೇ ಅಕ್ಕ ತೀರಿಕೊಂಡರು.

ಅಂದು ಗ್ಯಾರೇಜಿನಲ್ಲಿ ನನ್ನ ಬಾಯಿಂದ ಹೌದು ಬರುತ್ತಿತ್ತೋ, ಇಲ್ಲ ಬರುತ್ತಿತ್ತೋ, ಇವತ್ತಿಗೂ ನನಗೆ ತಿಳಿಯದು. ತಿಳಿಯುವ ಪ್ರಸಂಗವೇ ಬರದ ಹಾಗೆ ನೋಡಿಕೊಂಡವರು ಅಕ್ಕ.