ದೀಪ ಮುಟ್ಟದ ಸಾಬವ್ವ

ಶ್ರೀವಾಣಿ ಸಾಬವ್ವನನ್ನು ಮೊದಲು ಕಂಡದ್ದು ಲಿಫ್ಟಿನೊಳಗೆ. ಘೋಡಬಂದರ್ ರಸ್ತೆಯ ಆ ಕಾಂಪ್ಲೆಕ್ಸಿನಲ್ಲಿ ಮನೆಯವರಿಗೆ ಒಂದು ಲಿಫ್ಟು, ಕೆಲಸದವರಿಗೂ ಸಾಮಾನಿಗೂ ಇನ್ನೊಂದು. ಡೊಂಬಿವಲಿಯಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಬಸ್ಸಿಗೆ ಜೋತುಬಿದ್ದು, ಬೆವರಿಳಿಸುತ್ತ ಬಂದ ಶ್ರೀವಾಣಿಯ ಬಟ್ಟೆಚೀಲವನ್ನೂ ಸವೆದ ಚಪ್ಪಲಿಯನ್ನೂ ನೋಡಿದ ವಾಚ್‌ಮನ್ ಏನೊಂದೂ ಕೇಳದೆ ಹಿಂಬದಿಯ ಲಿಫ್ಟಿನತ್ತ ಕೈ ತೋರಿಸಿದ್ದ. ಒಳಗೆ ಐವತ್ತರ ಆಚೀಚಿನ ಹೆಂಗಸೊಬ್ಬಳು ನಿಂತಿದ್ದಳು. ಹಸಿರು ಇಳಕಲ್ ಸೀರೆ, ಮುಂಗೈ ತುಂಬ ಹಚ್ಚೆ, ಕಂಕುಳಲ್ಲಿ ಜೋಳದ ಹಿಟ್ಟಿನ ಚೀಲ. ಶ್ರೀವಾಣಿ ಫೋನಿನಲ್ಲಿ ತಮ್ಮನಿಗೆ, "ಬಂದು ಮುಟ್ದೆ ಮರಾಯ, ಕಡಿಗೆ ಫೋನ್ ಮಾಡ್ತೆ" ಅಂದದ್ದೇ ತಡ, ಆಕೆಯ ಮುಖ ಅರಳಿತು.

"ಕನ್ನಡದಾಕಿ ಏನವ್ವಾ ನೀ? ಯಾರ ಮನ್ಯಾಗ ಕೆಲಸ ಹಿಡದಿ?"

"ಮುಕ್ತಾ ಅಮ್ಮನ ಮನೆಗೆ. ಅವರ ಮೊಮ್ಮಗಳಿಗೆ ಪಾಠ ಹೇಳ್ಲಿಕ್ಕೆ."

"ಅಯ್ಯ ಶಿವನ! ಅಕ್ಕೋರೇನು ನೀವು?" ಆಕೆ ಹಣೆ ಚಚ್ಚಿಕೊಂಡಳು. "ಆ ಕಡಿ ಲಿಫ್ಟಿನ್ಯಾಗ ಕನ್ನಡಿ ಐತಿ, ಫ್ಯಾನ್ ಐತಿ. ಇಲ್ಲೇನೈತಿ ನೋಡಾಕ, ನನ್ನ ಮಾರಿ!"

ಇಬ್ಬರೂ ಇಳಿದದ್ದು ಒಂದೇ ಬಾಗಿಲಿಗೆ. ಉಡುಪಿ ಕಡೆಯ ಮುಕ್ತಾ ಅಮ್ಮನಿಗೆ ಸಕ್ಕರೆ ಕಾಯಿಲೆ. ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿ ಎಂದು ಡಾಕ್ಟರು ಹೇಳಿದ ಮೇಲೆ, ಸಿಂದಗಿ ಕಡೆಯ ಸಾಬವ್ವ ಆ ಮನೆಯ ಅಡುಗೆಗೆ ಸೇರಿದ್ದಳು. ಮುಕ್ತಾ ಅಮ್ಮನ ಮಗ ಕಲ್ಯಾಣದಲ್ಲಿ ಹೋಟೆಲ್ ನೋಡಿಕೊಳ್ಳುತ್ತಿದ್ದ, ಸೊಸೆ ಆಫೀಸಿಗೆ ಹೋಗುತ್ತಿದ್ದಳು. ಹಗಲು ಮನೆಯಲ್ಲಿರುತ್ತಿದ್ದವರು ಅಜ್ಜಿ, ಶಾಲೆ ಮುಗಿಸಿ ಬರುವ ಹತ್ತನೆಯ ತರಗತಿಯ ಮೊಮ್ಮಗಳು ಸುಮೇಧಾ, ಅಡುಗೆಮನೆಯಲ್ಲಿ ಸಾಬವ್ವ.

ಸುಮೇಧಾಳ ಶಾಲೆಯದು ವಿದೇಶಿ ಬೋರ್ಡು. ಇತಿಹಾಸದ ಪರೀಕ್ಷೆಗೆ ಒಂದು ಇಡೀ ಭಾಗ ಇಂಗ್ಲೆಂಡಿನ ಅಪರಾಧ ಮತ್ತು ಶಿಕ್ಷೆಯ ಕಥೆ. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ಬೆಳೆದು, ತನ್ನ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದ ಶ್ರೀವಾಣಿಗೆ ಇದು ಹೊಸತು. ಹಿಂದಿನ ರಾತ್ರಿ ತಾನು ಓದಿಕೊಂಡು ಬರುತ್ತಿದ್ದಳು. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲೇ ಹೆಚ್ಚು. ಹಾಗಾಗಿ ಪಾಠವನ್ನು ಶ್ರೀವಾಣಿ ಮೊದಲು ಕನ್ನಡದಲ್ಲಿ ಕಥೆಯಂತೆ ಹೇಳುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಆಗ ನಿಧಾನವಾಗುತ್ತಿತ್ತು.

ಒಮ್ಮೆ, ಕಾದ ಕಬ್ಬಿಣ ಹಿಡಿಸಿ ಕಳ್ಳನನ್ನು ಪತ್ತೆ ಮಾಡುವ ಪಾಠ. ಕೈಗೆ ಬಟ್ಟೆ ಸುತ್ತುತ್ತಾರೆ, ಕೆಲವು ದಿನ ಬಿಟ್ಟು ಬಿಚ್ಚಿ ನೋಡುತ್ತಾರೆ. ಗಾಯ ಮಾಯುತ್ತಿದ್ದರೆ ನಿರಪರಾಧಿ, ಕೀವಾಗಿದ್ದರೆ ಅಪರಾಧಿ.

ಸದ್ದು ಪೂರ್ತಿ ನಿಂತಿತು. ಹಿಟ್ಟಿನ ಕೈಯಲ್ಲೇ ಸಾಬವ್ವ ಬಾಗಿಲಿಗೆ ಬಂದಳು. "ಅಕ್ಕೋರ, ಸಕ್ಕರಿ ಬ್ಯಾನಿ ಇದ್ದಾಂವನ ಗಾಯ ಮಾಯಂಗೇ ಇಲ್ಲಲ್ರೀ. ಹಂಗಾದ್ರ ನಮ್ಮ ಅಮ್ಮಾರು ಕಳ್ಳರೇನು?"

"ಹೋಗೇ ಮಾರಾಯ್ತಿ, ರೊಟ್ಟಿ ಸೀದೀತು!" ಎಂದು ಮುಕ್ತಾ ಅಮ್ಮ ಸೋಫಾದಿಂದಲೇ ಗದರಿದರು. ಅವರಿಗೂ ನಗು ತಡೆಯಲಿಲ್ಲ. ಓದಿದ ಶ್ರೀವಾಣಿಗೆ ಹೊಳೆಯದ ಪ್ರಶ್ನೆ ಅದು. ಹೀಗೆಲ್ಲ ಯೋಚಿಸುವ ಈ ಹೆಂಗಸು ಯಾರು, ಎಲ್ಲಿಂದ ಬಂದಳು ಎಂಬ ಕುತೂಹಲ ಅವಳಿಗೆ ಶುರುವಾದದ್ದು ಅಂದಿನಿಂದ.

ಪರೀಕ್ಷೆ ಹತ್ತಿರ ಬಂದ ವಾರ ಮುಕ್ತಾ ಅಮ್ಮನ ಒಂದು ಬೆಂಡೋಲೆ ಕಾಣೆಯಾಯಿತು. ಅವರ ತಾಯಿ ಕೊಟ್ಟದ್ದು, ಹಳೆಯ ವಜ್ರದ್ದು. ಹಾಸಿಗೆ ಕೊಡವಿದರು, ಸಿಂಕಿನ ಪೈಪು ಬಿಚ್ಚಿಸಿದರು, ಸಿಗಲಿಲ್ಲ. ಶ್ರೀವಾಣಿ ಪಾಠಕ್ಕೆ ಬಂದಾಗ ಹಾಲಿನ ನಡುವೆ ಮಣೆಯ ಮೇಲೆ ದೇವರ ದೀಪ ಉರಿಯುತ್ತಿತ್ತು. ಅದರ ಮುಂದೆ ಸಾಬವ್ವ ನಿಂತಿದ್ದಳು.

"ಪೊಲೀಸು ಗಿಲೀಸು ನನಗೆ ಬೇಡ," ಎನ್ನುತ್ತಿದ್ದರು ಮುಕ್ತಾ ಅಮ್ಮ. "ದೀಪ ಮುಟ್ಟಿ ತೆಗೀಲಿಲ್ಲ ಅಂತ ಹೇಳು, ನಾನು ಮತ್ತೆ ಆ ಮಾತೇ ಎತ್ತುದಿಲ್ಲ. ಇಲ್ಲದಿದ್ರೆ ಗೇಟಿನಲ್ಲಿ ಹೇಳ್ಬೇಕಾಗ್ತದೆ."

ಗೇಟಿನಲ್ಲಿ ಹೇಳಿದರೆ ಸಾಬವ್ವನ ಪಾಸು ರದ್ದು. ಆಮೇಲೆ ಆ ಕಾಂಪ್ಲೆಕ್ಸಿನ ಯಾವ ಮನೆಯೂ ಅವಳಿಗೆ ಬಾಗಿಲು ತೆರೆಯುವುದಿಲ್ಲ.

"ನಾ ತೊಗೊಂಡಿಲ್ರಿ," ಎಂದಳು ಸಾಬವ್ವ. "ಆದ್ರ ದೀಪಾ ಮುಟ್ಟಂಗಿಲ್ಲ."

"ಕದಿಯದವಳಿಗೆ ಎಂತ ಹೆದರಿಕೆ?"

ಶ್ರೀವಾಣಿಯ ಮನಸ್ಸಿನಲ್ಲೂ ಅದೇ ಮಾತು ಬಂದಿತ್ತು. ಅವಳ ಊರಿನಲ್ಲಿ ಆಣೆಗೆ ಹಿಂಜರಿದವರನ್ನು ಯಾರೂ ನಂಬುವುದಿಲ್ಲ. ನಿಜ ಇದ್ದವರು ಸೀದಾ ಹೋಗಿ ದೈವದ ಮುಂದೆ ನಿಲ್ಲುತ್ತಾರೆ. ಹಾಗಾದರೆ ಇವಳೇ ತೆಗೆದಳೇ?

"ಯಾಕೆ ಸಾಬವ್ವ?" ಎಂದು ಮೆಲ್ಲಗೆ ಕೇಳಿದಳು.

ಸಾಬವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಮ್ಮವ್ವ ಒಮ್ಮೆ ಮುಟ್ಟಿದ್ಳರಿ. ಮಗ್ಗಲ ಮನಿಯಾಕಿ ಬೆಳ್ಳಿ ಕಡಗ ಹೋಗಿತ್ತು. ನಮ್ಮವ್ವ ತೊಗೊಂಡಿದ್ದಿಲ್ಲ, ಖರೇನ ಹೇಳಿದ್ಳು. ಆ ವರ್ಷಾನ ನನ್ನ ತಮ್ಮ ಜ್ವರಾ ಬಂದು ಹೋದಾ. ಸುಳ್ಳಾಗಲಿ ಖರೇ ಆಗಲಿ, ಆಣಿ ಮನಿಯೊಳಗ ಬಂದ್ರ ಏನರ ಒಂದು ತೊಗೊಂಡೇ ಹೋಗ್ತದ ಅಂದ್ಳು ನಮ್ಮಾಯಿ, ಅವ್ವನ ಅವ್ವ. ಅಂದಿನಿಂದ ನಮ್ಮ ಮನ್ಯಾಗ ಯಾರೂ ಆಣಿ ಮಾಡಂಗಿಲ್ಲ. ನನಗೂ ಮಕ್ಕಳದಾವ್ರಿ."

"ಅದೆಲ್ಲ ಕಥೆ," ಎಂದರು ಮುಕ್ತಾ ಅಮ್ಮ. "ಸತ್ಯಕ್ಕೆ ದೀಪ ಯಾವತ್ತೂ ಕೆಟ್ಟದು ಮಾಡುದಿಲ್ಲ."

ಸುಮೇಧಾ ಪುಸ್ತಕ ಹಿಡಿದೇ ಎದ್ದು ಬಂದಳು. "ಅಜ್ಜಿ, ರುಕೋ. ಅವಳೇ ಮಾಡ್ಬೇಕು ಅಂತ ಇಲ್ಲ. ಇಂಗ್ಲೆಂಡ್ ಮೇ ಊರಿನವರೇ ಆರೋಪಿ ಪರವಾಗಿ ಆಣೆ ಹಾಕ್ತಿದ್ರು. ಹೇ ನಾ, ಮಿಸ್?"

"ಹೌದು. ಈ ಮನುಷ್ಯ ಅಂಥವನಲ್ಲ ಅಂತ ಗುರುತಿನವರು ಆಣೆ ಹಾಕಿದ್ರೆ ಸಾಕಾಗ್ತಿತ್ತು," ಎಂದಳು ಶ್ರೀವಾಣಿ, ಪಾಠ ಒಪ್ಪಿಸುವವಳಂತೆ.

"ತೋ ನಾನೇ ಹಾಕ್ತೇನೆ." ಹುಡುಗಿ ಬಗ್ಗಿ ದೀಪದತ್ತ ಕೈ ಚಾಚಿದಳು.

ಮುಕ್ತಾ ಅಮ್ಮ ಮಂಡಿನೋವನ್ನೂ ಮರೆತು ಹಾರಿಬಂದು ಅವಳ ಮಣಿಕಟ್ಟು ಹಿಡಿದರು. "ತೆಗಿ ಕೈ! ಪರೀಕ್ಷೆ ಎದುರಿಗುಂಟು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಂತ ಮಾಡುದು?"

"ಆದ್ರೆ ನಾನು ಝೂಠ್ ಹೇಳ್ತಾ ಇಲ್ಲ ಅಲ್ವಾ ಅಜ್ಜಿ? ಫಿರ್ ಹೆದರಿಕೆ ಯಾಕೆ?"

ಹುಡುಗಿಯ ಮಣಿಕಟ್ಟು ಇನ್ನೂ ಅಜ್ಜಿಯ ಮುಷ್ಟಿಯಲ್ಲೇ ಇತ್ತು.

"ನಾ ಹೇಳಿದ್ದೂ ಅದನ್ನ ಅಲ್ಲೇನ್ರೀ, ಅಮ್ಮಾರ," ಎಂದಳು ಸಾಬವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ಮುಕ್ತಾ ಅಮ್ಮ ಮಣೆ ಸಮೇತ ದೀಪವನ್ನೆತ್ತಿ ದೇವರ ಕೋಣೆಗೆ ಒಯ್ದರು. ತುಂಬ ಹೊತ್ತು ಹೊರಗೆ ಬರಲಿಲ್ಲ. ಗೇಟಿನಲ್ಲಿ ಅವರು ಏನನ್ನೂ ಹೇಳಲಿಲ್ಲ. ಬೆಂಡೋಲೆಯೂ ಸಿಗಲಿಲ್ಲ. ಯಾರು ತೆಗೆದರು, ಎಲ್ಲಿ ಬಿತ್ತು, ಇಂದಿಗೂ ಗೊತ್ತಿಲ್ಲ.

ಸಾಬವ್ವ ಪರೀಕ್ಷೆ ಮುಗಿಯುವ ತನಕ ಬಂದಳು. ಸುಮೇಧಾ ಕೊನೆಯ ಪೇಪರು ಬರೆದು ಬಂದ ದಿನ ಸಾಬವ್ವ ತನ್ನ ಬಳಿಯಿದ್ದ ಮನೆಯ ಕೀಲಿಯನ್ನು ಮೇಜಿನ ಮೇಲಿಟ್ಟಳು.

"ನಾನೆಂತ ಹೋಗು ಅಂದೆನಾ?" ಎಂದರು ಮುಕ್ತಾ ಅಮ್ಮ.

"ಇಲ್ರಿ ಅಮ್ಮಾರ. ಆದ್ರ ನಾ ಬಂದಕೂಡ್ಲೇ ನೀವು ಕಪಾಟಿನ ಬಾಗಲಾ ನೋಡ್ತೀರಿ. ನೀವು ನೋಡೂದನ್ನ ನೋಡ್ಕೋತ ನಾ ರೊಟ್ಟಿ ಬಡೀಬೇಕು. ಇಬ್ಬರಿಗೂ ಯಾಕ ಬೇಕ್ರೀ ಈ ತ್ರಾಸು?"

ಮುಕ್ತಾ ಅಮ್ಮ ಎದುರಿನ ಕಟ್ಟಡದವರಿಗೆ ತಾವೇ ಫೋನು ಮಾಡಿ, ಒಳ್ಳೆಯ ಹೆಂಗಸು, ಕೈ ಶುದ್ಧ, ಕೆಲಸಕ್ಕೆ ಇಟ್ಟುಕೊಳ್ಳಿ ಎಂದರು.

ಸಾಬವ್ವ ಈಗ ಎದುರಿನ ಕಟ್ಟಡದಲ್ಲಿ ಎರಡು ಮನೆಗಳಿಗೆ ಅಡುಗೆ ಮಾಡುತ್ತಾಳೆ.